ನಂದಿಬಟ್ಟಲಿನ ನೀಲಿ ಕಣ್ಣು

“ಅಜ್ಜಾ, ಹಾವಿನ ಮರಿ!”

ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಅಂಗಳದಿಂದ ಕೂಗಿದಾಗ ನಾನಿನ್ನೂ ಪೇಪರಿನ ಎರಡನೇ ಪುಟದಲ್ಲಿದ್ದೆ. ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ಹಾವು ಎಂದರೆ ತಮಾಷೆಯ ಮಾತಲ್ಲ, ಹಿಂದುಗಡೆಯೇ ಗದ್ದೆ. ಕೈಗೆ ಸಿಕ್ಕಿದ ಕೊಡೆ ಹಿಡಿದುಕೊಂಡು ಓಡಿದೆ.

ಹುಡುಗಿ ನಂದಿಬಟ್ಟಲು ಗಿಡದಿಂದ ಒಂದು ಮಾರು ದೂರ ನಿಂತು ಬೆರಳು ತೋರಿಸುತ್ತಿದ್ದಳು. ಎಲೆಗಳ ನಡುವೆ ಎರಡು ನೀಲಿ ಕಣ್ಣುಗಳು ನಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದವು. ಕಣ್ಣಿನ ನಡುವೆ ಬಿಳಿ ಛಾಯೆ, ಸುತ್ತ ಕಡುಬಣ್ಣದ ಅಂಚು. ಕನ್ನಡಕ ಸರಿಮಾಡಿಕೊಂಡು ನೋಡಿದರೆ ಅದರ ಹಿಂದೆ ನನ್ನ ಬೆರಳಿನಷ್ಟು ದಪ್ಪದ ಹಸಿರು ಮೈ, ಪಕ್ಕೆಯುದ್ದಕ್ಕೂ ಒಂದು ಬಿಳಿ ಗೆರೆ, ಗೆರೆಯ ಸುತ್ತ ರವೆ ಚೆಲ್ಲಿದಂತೆ ಚುಕ್ಕೆಗಳು, ತುದಿಯಲ್ಲಿ ಹಳದಿಯ ಪುಟ್ಟ ಕೊಂಬು.

“ಹಾವಿಗೆ ಕಾಲಿರುತ್ತದೇನೇ ಪುಟ್ಟಿ? ಎಣಿಸು ನೋಡೋಣ” ಎಂದೆ.

ಹೆದರಿಕೊಂಡೇ ಹತ್ತಿರ ಬಂದು ಎಣಿಸಿದಳು. ಮುಂದೆ ಚೂಪಾದ ಸಣ್ಣ ಕಾಲು ಆರು. ಹಿಂದೆ ಕೊಂಬೆಯನ್ನು ಗಟ್ಟಿಯಾಗಿ ತಬ್ಬಿಕೊಂಡ ಗಿಡ್ಡ ಕಾಲು ಹತ್ತು. ಒಟ್ಟು ಹದಿನಾರು! ಈ ಮುಂದಿನ ಆರೇ ನಿಜವಾದ ಕಾಲುಗಳು. ಹುಳ ನಾಳೆ ರೆಕ್ಕೆ ಪಡೆದಾಗಲೂ ಉಳಿಯುವವು ಅವೇ. ಹಿಂದಿನವು ಎಲೆ ತಿನ್ನುವ ದಿನಗಳ ಮಟ್ಟಿಗೆ ಇರುವ ಹುಸಿ ಕಾಲುಗಳು. ಕಣ್ಣೂ ಅಷ್ಟೆ, ಹುಸಿ. ನಿಜವಾದ ತಲೆ ಬೇರೆಯೇ ಇದೆ, ಚಿಕ್ಕದು. ಹೆದರಿದಾಗ ಹುಳ ಅದನ್ನು ಒಳಗೆ ಮಡಚಿಕೊಂಡು, ಕತ್ತಿನ ಭಾಗವನ್ನು ಉಬ್ಬಿಸಿ ಈ ಬಣ್ಣದ ಕಣ್ಣುಗಳನ್ನು ಮುಂದೆ ಮಾಡುತ್ತದೆ. ಕೊಕ್ಕು ಚಾಚಿದ ಹಕ್ಕಿ ಒಂದು ಕ್ಷಣ ಹಿಂಜರಿದರೂ ಸಾಕು. ಐದನೇ ತರಗತಿಯ ಹುಡುಗಿಯೂ ಎಪ್ಪತ್ತು ದಾಟಿದ ಅಜ್ಜನೂ ಹಿಂಜರಿದದ್ದಂತೂ ನಿಜ.

ಅಷ್ಟರಲ್ಲಿ ಪೂಜೆಗೆ ಹೂ ಕೊಯ್ಯಲು ನನ್ನಾಕೆ ಬುಟ್ಟಿ ಹಿಡಿದು ಬಂದಳು. ಅವಳಿಗೆ ಕಣ್ಣೂ ಕಾಣಲಿಲ್ಲ, ಕೊಂಬೂ ಕಾಣಲಿಲ್ಲ. ಬೋಳಾದ ಕೊಂಬೆ ಕಾಣಿಸಿತು. “ಅದಕ್ಕೇ ಮೂರು ದಿನದಿಂದ ಮೊಗ್ಗಿಲ್ಲ. ಮೊದಲು ಅದನ್ನು ಅತ್ತ ಬಿಸಾಡಿ, ಇಲ್ಲದಿದ್ದರೆ ಔಷಧಿ ಹೊಡೆಯಿರಿ” ಎಂದಳು.

ಔಷಧಿ ಹೊಡೆಯುವುದು ನನಗೆ ಹೊಸತಲ್ಲ. ಕೆಲವು ವರ್ಷದ ಹಿಂದೆ ಇದೇ ಗಿಡಕ್ಕೂ ಪಕ್ಕದ ಕರಿಬೇವಿಗೂ ಅಂಗಡಿಯಿಂದ ತಂದ ಕೀಟನಾಶಕವನ್ನು ಮುಚ್ಚಳದ ಲೆಕ್ಕದಲ್ಲಿ ಬೆರೆಸಿ, ಮೂಗಿಗೆ ಟವೆಲು ಕಟ್ಟಿಕೊಂಡು ಸಿಂಪಡಿಸಿದ್ದೆ. ಮರುದಿನ ಬೆಳಿಗ್ಗೆ ಕಸ ಗುಡಿಸುವಾಗ ಪೊರಕೆಗೆ ಸಿಕ್ಕಿದ್ದು ಮೂರು ಹಸಿರು ಹುಳ, ಹತ್ತಿಪ್ಪತ್ತು ಜೇನು, ಸಸ್ಯಹೇನು ತಿಂದು ನಮಗೇ ಉಪಕಾರ ಮಾಡುತ್ತಿದ್ದ ಗುಲಗಂಜಿ ಹುಳಗಳು, ಮುಂಗಾಲು ಮಡಚಿ ಕೈಮುಗಿದಂತೆ ಕೂರುವ ಒಂದು ಪ್ರೇಯಿಂಗ್ ಮ್ಯಾಂಟಿಸ್. ಅದು ಸತ್ತ ಮೇಲೂ ಕೈಮುಗಿದುಕೊಂಡೇ ಇತ್ತು. ಕರಿಬೇವಿನ ಸೊಪ್ಪನ್ನಂತೂ ಎಷ್ಟೋ ದಿನ ಒಗ್ಗರಣೆಗೆ ಹಾಕಲು ಧೈರ್ಯ ಬರಲಿಲ್ಲ. ಆ ಬಾಟಲಿಯನ್ನು ಅಂದಿನಿಂದ ಮುಟ್ಟಿಲ್ಲ. ಆದರೆ ಹೂವಿಲ್ಲದೆ ದೇವರ ಮುಂದೆ ನಿಲ್ಲುವವಳ ಕಷ್ಟವೂ ಕಷ್ಟವೇ.

ಕೊನೆಗೆ ಮೊಮ್ಮಗಳೇ ಪಂಚಾಯಿತಿ ಮಾಡಿದಳು. ಗೇಟಿನ ಕಡೆಯ ಎರಡು ಕೊಂಬೆ ಹುಳಕ್ಕೆ, ಉಳಿದದ್ದು ದೇವರಿಗೆ. ಹುಳ ಗೆರೆ ದಾಟಿದರೆ ಎತ್ತಿ ತನ್ನ ಪಾಲಿಗೆ ಬಿಡುವ ಕೆಲಸ ಅಜ್ಜನದು.

ಹುಳ ಒಂದೇ ಅಲ್ಲ, ಎರಡಿವೆ ಎಂದು ಗೊತ್ತಾದದ್ದು ನೆಲ ನೋಡಿದಾಗ. ಮಕ್ಕಳೇ, ಎಲೆಯ ನಡುವೆ ಹಸಿರು ಹುಳ ಹುಡುಕುವುದು ಬಲು ಕಷ್ಟ. ಅದಕ್ಕೆ ಒಂದು ಉಪಾಯವಿದೆ. ಮೊದಲು ಗಿಡದ ಬುಡ ನೋಡಿ. ಕಾಳುಮೆಣಸಿನ ಗಾತ್ರದ, ಕಡುಹಸಿರು ಅಥವಾ ಕಪ್ಪು ಬಣ್ಣದ ಹಿಕ್ಕೆ ಬಿದ್ದಿದ್ದರೆ ಅದರ ನೇರ ಮೇಲೆ ಕತ್ತೆತ್ತಿ ನೋಡಿ. ಹಿಕ್ಕೆ ಹಸಿಯಾಗಿದ್ದರೆ ಹುಳ ಅಲ್ಲೇ ಇದೆ. ಒಣಗಿದ್ದರೆ ಬೇರೆ ಕೊಂಬೆಗೆ ಹೋಗಿದೆ. ನಮ್ಮ ಅಂಗಳದಲ್ಲಿ ಎರಡು ಕಡೆ ಹಸಿ ಹಿಕ್ಕೆ ಇತ್ತು. ಎರಡನೇ ಹುಳ ಕೊಂಚ ಚಿಕ್ಕದು, ಎಲೆಯ ಅಡಿಯಲ್ಲಿ ತಲೆಕೆಳಗಾಗಿ ನೇತಾಡುತ್ತಾ ಅಂಚಿನಿಂದ ಶುರುಮಾಡಿ ಎಲೆಯನ್ನು ಹಪ್ಪಳದಂತೆ ಮುಗಿಸುತ್ತಿತ್ತು.

ಈ ಹುಳದ ಹೆಸರು ಇಂಗ್ಲಿಷಿನಲ್ಲಿ ಓಲಿಯಾಂಡರ್ ಹಾಕ್ ಮಾತ್. ಓಲಿಯಾಂಡರ್ ಎಂದರೆ ನಮ್ಮ ಕಣಗಿಲೆ, ಹಾಕ್ ಎಂದರೆ ಗಿಡುಗ, ಮಾತ್ ಎಂದರೆ ಪತಂಗ. ನಾವು ಕಣಗಿಲೆ ಪತಂಗ ಎನ್ನೋಣ. ಸ್ವೀಡನ್ನಿನ ಲಿನೇಯಸ್ 1758ರಲ್ಲೇ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟಿದ್ದ. ಆಫ್ರಿಕಾದಿಂದ ನಮ್ಮ ದೇಶದವರೆಗೆ ಇದರ ವಾಸ. ಬೇಸಿಗೆಯಲ್ಲಿ ಯೂರೋಪಿನ ಕಡೆಗೂ ಹಾರಿಹೋಗುವ ದೂರಪ್ರಯಾಣಿಕ. ಕಣಗಿಲೆ ವಿಷದ ಗಿಡ, ದನ ತಿಂದರೆ ಸಾಯುತ್ತದೆ ಎಂದು ಹಳ್ಳಿಯವರಿಗೆಲ್ಲ ಗೊತ್ತು. ಈ ಹುಳ ಅದನ್ನೇ ಹೊಟ್ಟೆತುಂಬ ತಿಂದು ಬೆಳೆಯುತ್ತದೆ. ಕಣಗಿಲೆಯ ಕುಟುಂಬಕ್ಕೇ ಸೇರಿದ ನಂದಿಬಟ್ಟಲೂ ಅದಕ್ಕೆ ಇಷ್ಟ. ಗಿಡ ಮುಟ್ಟಿದ ಮೇಲೆ ನಾವು ಮಾತ್ರ ಕೈ ತೊಳೆದುಕೊಳ್ಳಲೇಬೇಕು.

ಒಪ್ಪಂದವಾದ ನಾಲ್ಕನೇ ದಿನ ಬೆಳಿಗ್ಗೆ ದೊಡ್ಡ ಹುಳ ಗಿಡದ ಮೇಲಿರಲಿಲ್ಲ. ಕಾಂಪೌಂಡಿನ ಬುಡದಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿ, ಮೈ ಕುಗ್ಗಿಸಿಕೊಂಡು ತೆವಳುತ್ತಿತ್ತು. ಹಸಿರು ಹೋಗಿ ಕಂದು, ಬೆನ್ನು ಕಪ್ಪಾಗಿತ್ತು. ಕೊಳೆತ ಬಾಳೆಹಣ್ಣಿನ ಹಾಗೆ. “ಸಾಯ್ತಾ ಇದೆ ಅಜ್ಜ” ಎಂದು ಹುಡುಗಿ ಅಳುವುದಕ್ಕೆ ಶುರುಮಾಡಿದಳು. ನನಗೂ ಹಾಗೇ ಅನ್ನಿಸಿತು. ಪಕ್ಕದ ಮನೆಯವರು ಔಷಧಿ ಹೊಡೆದಿರಬೇಕೆಂದು ಮನಸ್ಸಿನಲ್ಲೇ ಅವರನ್ನು ಬೈದೂ ಬಿಟ್ಟೆ. ಕಸದ ಬುಟ್ಟಿಗೆ ಹಾಕಲು ಮೊರ ತರಲು ಹೋದವನು, ಯಾಕೋ ಏನೋ, ಮೊದಲು ಕಾಫಿ ತೋಟ ಮಾಡಿಕೊಂಡಿರುವ ನನ್ನ ಹಳೆಯ ಗೆಳೆಯನಿಗೆ ಫೋನ್ ಮಾಡಿದೆ. ಅವನು ನಕ್ಕು, “ಅದು ಸಾಯುತ್ತಿಲ್ಲ ಮಾರಾಯ, ಮಲಗುವುದಕ್ಕೆ ಜಾಗ ಹುಡುಕುತ್ತಿದೆ. ಸ್ವಲ್ಪ ಮಣ್ಣು, ತರಗೆಲೆ ಕೊಡು” ಎಂದ.

ಅದೇ ನಿಜ. ಗಿಡುಗ ಪತಂಗದ ಜಾತಿಯ ಬಹಳಷ್ಟು ಹುಳಗಳು ಚಿಟ್ಟೆಯ ಹುಳದಂತೆ ಕೊಂಬೆಗೆ ಜೋತುಬಿದ್ದು ಕೋಶ ಕಟ್ಟುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಗಿಡದಿಂದ ಇಳಿದು, ತರಗೆಲೆಯ ಅಡಿಗೋ ಸಡಿಲ ಮಣ್ಣಿನೊಳಕ್ಕೋ ಸೇರಿಕೊಳ್ಳುತ್ತವೆ. ಹಸಿರೆಲೆಯ ಮೇಲೆ ಹಸಿರಾಗಿದ್ದ ಕಣಗಿಲೆ ಪತಂಗದ ಹುಳ ಮಣ್ಣಿಗಿಳಿಯುವ ಮುನ್ನ ಮಣ್ಣಿನ ಬಣ್ಣವನ್ನೇ ತಾಳುತ್ತದೆ. ಇದು ಗೊತ್ತಿಲ್ಲದೆ ಎಷ್ಟು ಹುಳಗಳನ್ನು ಸತ್ತವೆಂದು ಗುಡಿಸಿ ಹಾಕಿದ್ದೇನೋ! ದಿನಾ ಅಂಗಳ ಗುಡಿಸಿ, ತರಗೆಲೆ ಒಟ್ಟಿ ಬೆಂಕಿ ಕೊಡುವ ನಮ್ಮ ಶುಚಿತ್ವವೂ ಅವುಗಳ ಪಾಲಿಗೆ ಒಂದು ಗಂಡಾಂತರವೇ. ಮೂಲೆಯಲ್ಲಿ ಒಂದು ಬುಟ್ಟಿಯಷ್ಟು ತರಗೆಲೆ ಬಿಟ್ಟರೆ ಮನೆಯ ಮರ್ಯಾದೆಯೇನೂ ಹೋಗುವುದಿಲ್ಲ.

ಹಳೆಯ ಬಿಸ್ಕತ್ತಿನ ಡಬ್ಬಕ್ಕೆ ನಾಲ್ಕು ಬೆರಳು ಮಣ್ಣು, ಮೇಲೆ ತರಗೆಲೆ, ಓರೆಯಾಗಿ ಎರಡು ಒರಟು ಕಡ್ಡಿ, ಬಾಯಿಗೆ ಸೊಳ್ಳೆಪರದೆಯ ತುಂಡು. ಕಡ್ಡಿ ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ನಾಲ್ಕು ದಿನದ ಮೇಲೆ ಚಿಕ್ಕ ಹುಳವೂ ಬಣ್ಣ ತಿರುಗಿತು. ಅದಕ್ಕೂ ಒಂದು ಡಬ್ಬ ಆಯಿತು. ಒಂದನೇ ನಂಬರು, ಎರಡನೇ ನಂಬರು ಎಂದು ಚೀಟಿ ಅಂಟಿಸಿ, ಹಳೆಯ ಡೈರಿಯಲ್ಲಿ ತಾರೀಖು ಬರೆದೆವು. ಕೋಶದಿಂದ ಪತಂಗ ಹೊರಬರಲು ನಮ್ಮ ಹವೆಗೆ ಸುಮಾರು ಎರಡು ವಾರ ಬೇಕು. ಹುಡುಗಿಯ ರಜೆ ಉಳಿದಿದ್ದದ್ದು ಐದೇ ದಿನ.

ಆ ಐದು ದಿನ ಸುಮ್ಮನೆ ಕೂರುವುದು ಹೇಗೆ? ರಾತ್ರಿ ಪತಂಗ ನೋಡುವ ಕೆಲಸ ಹಮ್ಮಿಕೊಂಡೆವು. ಇದು ತೀರಾ ಸುಲಭ. ನನ್ನ ಬಿಳಿ ಪಂಚೆಯನ್ನು ವರಾಂಡದ ಹಗ್ಗಕ್ಕೆ ಹರಡಿ, ಎದುರಿಗೆ ಒಂದು ಬಿಳಿ ಬಲ್ಬು ಹಾಕಿ, ಮನೆಯ ಬೇರೆ ದೀಪಗಳನ್ನು ಆರಿಸಿದೆವು. ಬೆಳದಿಂಗಳಿಲ್ಲದ, ಗಾಳಿಯಿಲ್ಲದ, ಮಳೆ ಬಂದು ಬಿಟ್ಟ ಸೆಕೆಯ ರಾತ್ರಿ ಇದಕ್ಕೆ ಒಳ್ಳೆಯದು. ಏಳೂವರೆಗೆ ಕೂತರೆ ಒಂಬತ್ತೂವರೆಯೊಳಗೆ ಬೇಕಾದಷ್ಟು ಅತಿಥಿಗಳು. “ನಿಮ್ಮ ಅಜ್ಜನ ಪಂಚೆ ಈಗ ಹುಳಗಳ ಛತ್ರ” ಎಂದು ನನ್ನಾಕೆ ಒಳಗಿನಿಂದ ಹಂಗಿಸಿದಳು. ಆಮೇಲೆ ತಾನೂ ಒಂದು ಕುರ್ಚಿ ತಂದುಹಾಕಿಕೊಂಡಳು.

ಮೊದಲು ಬಂದವು ಅಕ್ಕಿನುಚ್ಚಿನಂಥ ಪುಡಿ ಪತಂಗಗಳು. ಆಮೇಲೆ ಎಳೆ ವೀಳ್ಯದೆಲೆಯ ಬಣ್ಣದ್ದೊಂದು. ಆಮೇಲೆ ರೆಕ್ಕೆಯನ್ನು ಕಡ್ಡಿಯಂತೆ ಸುತ್ತಿ ಪಕ್ಕಕ್ಕೆ ಚಾಚಿಕೊಂಡು, ಇಂಗ್ಲಿಷಿನ ಟಿ ಅಕ್ಷರದ ಹಾಗೆ ಕೂತ ಒಂದು ಬಡಕಲು ಜೀವ. ಅದೂ ಪತಂಗವೇ ಎಂದರೆ ಹುಡುಗಿ ನಂಬಲಿಲ್ಲ. ನಮ್ಮ ದೇಶದಲ್ಲಿ ಚಿಟ್ಟೆಗಳು ಸಾವಿರದ ಮುನ್ನೂರಕ್ಕೂ ಹೆಚ್ಚು ಬಗೆ, ಪತಂಗಗಳು ಹತ್ತು ಸಾವಿರಕ್ಕೂ ಹೆಚ್ಚು. ಆದರೂ ನಾವು ಹಾಡಿ ಹೊಗಳುವುದು ಚಿಟ್ಟೆಯನ್ನೇ. ಹಗಲು ಹೊತ್ತು ಬರುವವರಿಗೆ ಮರ್ಯಾದೆ ಹೆಚ್ಚು!

ಎರಡನ್ನೂ ಗುರುತಿಸುವುದು ಹೇಗೆಂದರೆ ಮೀಸೆ ನೋಡಬೇಕು. ಚಿಟ್ಟೆಯ ಮೀಸೆಯ ತುದಿ ಬೆಂಕಿಕಡ್ಡಿಯ ಮದ್ದಿನಂತೆ ದಪ್ಪ. ಪತಂಗದ ಮೀಸೆ ದಾರದಂತೆ, ಇಲ್ಲವೇ ಹಕ್ಕಿಯ ಗರಿಯಂತೆ. ಕೂತಾಗ ಚಿಟ್ಟೆ ಸಾಮಾನ್ಯವಾಗಿ ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿ ನಿಲ್ಲಿಸುತ್ತದೆ, ಪತಂಗ ಹರಡಿಕೊಳ್ಳುತ್ತದೆ ಅಥವಾ ಮಾಡಿನ ಹಾಗೆ ಇಳಿಜಾರಾಗಿ ಮಡಚುತ್ತದೆ. ಎರಡಕ್ಕೂ ತಪ್ಪುವ ಉದಾಹರಣೆಗಳಿವೆ, ಮೀಸೆಯ ಲೆಕ್ಕ ತಪ್ಪುವುದು ಕಡಿಮೆ. ಕೈಗೆ ಅಂಟುವ ಪುಡಿ ಏನೆಂದು ನೀವೂ ಕೇಳಬಹುದು. ಅದು ಪುಡಿಯಲ್ಲ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಬಿಲ್ಲೆಗಳು. ಮಾಡಿಗೆ ಹೆಂಚು ಹೊದಿಸಿದಂತೆ ರೆಕ್ಕೆಗೆ ಸಾಲಾಗಿ ಹೊದಿಸಿರುತ್ತವೆ. ನಾವು ಮುಟ್ಟಿದರೆ ಹೆಂಚು ಕಿತ್ತುಬರುತ್ತದೆ, ಅದಕ್ಕೇ ಮುಟ್ಟಬಾರದು.

ಮೂರನೆಯ ರಾತ್ರಿ ಬಂದವನು ದೊಡ್ಡ ಮನುಷ್ಯ. ಬಾವಲಿಯೇ ಒಳಗೆ ನುಗ್ಗಿತೇನೋ ಎಂಬಂತೆ ಪಂಚೆಗೆ ಧಡ್ಡನೆ ಬಡಿದು ಕೂತ. ಬೆನ್ನ ಮೇಲೆ ಹಳದಿಯಲ್ಲಿ ಬರೆದಂತೆ ಒಂದು ತಲೆಬುರುಡೆಯ ಚಿತ್ರ! ಕಡ್ಡಿಯಿಂದ ಮೆಲ್ಲಗೆ ತಾಕಿಸಿದರೆ ಇಲಿಮರಿಯಂತೆ ಕೀಚ್ ಎಂದಿತು. ಪತಂಗ ಕೂಗುತ್ತದೆಯೇ? ಇದು ಕೂಗುತ್ತದೆ, ಗಂಟಲೊಳಗೆ ಗಾಳಿ ಎಳೆದು ಬಿಟ್ಟು ಸದ್ದು ಮಾಡುತ್ತದೆ. ಯಮನ ದೂತ, ಅಪಶಕುನ ಎಂದು ಎಷ್ಟೋ ಊರುಗಳಲ್ಲಿ ಇದಕ್ಕೆ ಕೆಟ್ಟ ಹೆಸರು. ಅದು ಮಾಡುವ ನಿಜವಾದ ಕಳ್ಳತನ ಒಂದೇ: ರಾತ್ರಿ ಜೇನುಗೂಡಿಗೆ ನುಗ್ಗಿ ಜೇನು ಕುಡಿಯುವುದು. ಇದರ ಹುಳ ಎಳ್ಳು, ಬದನೆ ಗಿಡಗಳಲ್ಲಿ ಸಿಗುತ್ತದೆ. ಬುರುಡೆ ಪತಂಗವನ್ನು ನೋಡಿ ನನ್ನಾಕೆ ಕುರ್ಚಿಯನ್ನು ಒಂದು ಗಜ ಹಿಂದೆ ಎಳೆದುಕೊಂಡಳೇ ಹೊರತು ಒಳಗೆ ಹೋಗಲಿಲ್ಲ.

“ಅಜ್ಜ, ಇವು ಯಾಕೆ ದೀಪಕ್ಕೆ ಬಂದು ಬೀಳುತ್ತವೆ?” ಎಂದು ಹುಡುಗಿ ಕೇಳಿದಳು. ನಮ್ಮ ಕಾಲದಲ್ಲಾಗಿದ್ದರೆ ಉತ್ತರ ಸಿದ್ಧವಾಗಿತ್ತು. ಪತಂಗಕ್ಕೆ ದೀಪದ ಮೋಹ, ಮೋಹದಿಂದ ಸುಟ್ಟುಹೋಗುತ್ತದೆ, ನೀನೂ ಹಾಗಾಗಬೇಡ ಎಂದು ಹೇಳಿ ಮುಗಿಸುತ್ತಿದ್ದರು. ಎಷ್ಟೋ ಶತಮಾನದಿಂದ ನಾವು ಈ ಜೀವದ ಮೇಲೆ ಹೊರಿಸಿಕೊಂಡು ಬಂದ ಆರೋಪ ಅದು. 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾ ಇಟ್ಟು, ದೀಪದ ಸುತ್ತ ಹಾರುವ ಕೀಟಗಳನ್ನು ಗಮನಿಸಿದರು. ಅವು ದೀಪದ ಕಡೆಗೆ ನೇರ ಹೋಗುತ್ತಿರಲಿಲ್ಲ, ದೀಪಕ್ಕೆ ಬೆನ್ನು ತಿರುಗಿಸುತ್ತಿದ್ದವು. ಕಾರಣ ಸರಳ. ರಾತ್ರಿಯಲ್ಲೂ ನೆಲಕ್ಕಿಂತ ಆಕಾಶವೇ ತುಸು ಬೆಳಕು. ಬೆಳಕಿನ ಕಡೆ ಬೆನ್ನು ಮಾಡಿದರೆ ತಾನು ನೆಟ್ಟಗೆ ಹಾರುತ್ತಿದ್ದೇನೆ ಎಂದು ಕೀಟಕ್ಕೆ ಗೊತ್ತಾಗುತ್ತದೆ. ನಾವು ನಡುವೆ ಒಂದು ಬಲ್ಬು ಹಚ್ಚಿದರೆ ಅದಕ್ಕೆ ಮೇಲು ಯಾವುದು, ಕೆಳಗು ಯಾವುದು ತಿಳಿಯುವುದಿಲ್ಲ. ಬಲ್ಬಿಗೆ ಬೆನ್ನು ಕೊಟ್ಟು ಸುತ್ತುತ್ತಲೇ ಇರುತ್ತದೆ. ಬಲ್ಬು ಕೆಳಗಿದ್ದರೆ ಅಂಗಾತ ತಿರುಗಿ ಬೀಳುತ್ತದೆ. ಮೋಹವೂ ಇಲ್ಲ, ಮಣ್ಣೂ ಇಲ್ಲ, ದಿಕ್ಕು ತಪ್ಪಿದ್ದಷ್ಟೆ. ಅದೇ ಪರೀಕ್ಷೆಯಲ್ಲಿ ಹೀಗೆ ಸಿಕ್ಕಿಬೀಳದ ಒಂದೆರಡು ಕೀಟಗಳೂ ಇದ್ದವು. ಅವುಗಳಲ್ಲಿ ಒಂದು ಯಾವುದು ಗೊತ್ತೇ? ನಮ್ಮ ಡಬ್ಬದಲ್ಲಿ ಮಲಗಿದ್ದ ಕಣಗಿಲೆ ಪತಂಗ!

ಇದು ಗೊತ್ತಾದ ಮೇಲೆ ನಮ್ಮ ಗೇಟಿನ ದೀಪವನ್ನು ರಾತ್ರಿಯಿಡೀ ಉರಿಸುವುದು ನಿಲ್ಲಿಸಿದೆ. ಪಂಚೆಯ ಮುಂದಿನ ಬಲ್ಬನ್ನೂ ಎರಡು ಗಂಟೆಗಿಂತ ಹೆಚ್ಚು ಹಾಕಬಾರದು. ಮುಗಿದ ಮೇಲೆ ಆರಿಸಿ, ಪಂಚೆಯನ್ನು ಗಿಡಗಳ ಬಳಿ ಮೆಲ್ಲಗೆ ಕೊಡವಬೇಕು. ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಅಷ್ಟೂ ಹಲ್ಲಿಯ ಪಾಲು. ಇನ್ನೊಂದು ಎಚ್ಚರಿಕೆ, ಇದು ಅಜ್ಜ-ಅಜ್ಜಿಯರಿಗೆ. ದೀಪಕ್ಕೆ ಕೆಲವೊಮ್ಮೆ ಕೆಂಪು-ಕಪ್ಪು ಪಟ್ಟೆಯ, ದೊಡ್ಡ ಇರುವೆಯಂತೆ ಕಾಣುವ ಒಂದು ಸಪೂರ ಹುಳ ಬರುತ್ತದೆ. ಆಸಿಡ್ ಹುಳ ಎಂದೂ ಕರೆಯುತ್ತಾರೆ. ಅದು ಕಚ್ಚುವುದಿಲ್ಲ. ಮೈಮೇಲೆ ಕೂತಾಗ ಹೊಡೆದು ಜಜ್ಜಿದರೆ ಅದರ ರಸದಿಂದ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ. ಊದಿ ಹಾರಿಸಿ, ಮುಟ್ಟಿದ್ದರೆ ಸೋಪು ಹಾಕಿ ತೊಳೆಯಿರಿ. ಕೂದಲಿರುವ ಕಂಬಳಿಹುಳವನ್ನೂ ಅಷ್ಟೇ, ದೂರದಿಂದಲೇ ನೋಡಿ.

ರಜೆ ಮುಗಿಯಿತು. ಬಸ್ಸು ಹತ್ತುವಾಗ ಹುಡುಗಿ ಹೇಳಿದ್ದು ಒಂದೇ ಮಾತು: “ದಿನಾ ಡಬ್ಬ ನೋಡಿ ಡೈರಿಯಲ್ಲಿ ಬರೀಬೇಕು. ಒಂದು ದಿನವೂ ತಪ್ಪಿಸಬಾರದು.” ಬ್ಯಾಂಕಿನಲ್ಲಿ ದಿನದ ಲೆಕ್ಕ ಕೂಡಿಬರದೆ ಮನೆಗೆ ಹೋಗದವನಿಗೆ ಇದನ್ನು ಹೇಳಿಕೊಡಬೇಕೇ!

ಒಂದನೇ ನಂಬರಿನ ಡಬ್ಬದಲ್ಲಿ ಕೋಶ ಚೆನ್ನಾಗಿಯೇ ಇತ್ತು. ಕಂದು ಬಣ್ಣ, ನುಣುಪು, ಮೇಲೆ ಸಣ್ಣ ಕಪ್ಪು ಗೆರೆ, ಮುಟ್ಟಿದರೆ ಬಾಲ ಆಡಿಸುತ್ತಿತ್ತು. ಹತ್ತನೇ ದಿನ ನೋಡಿದಾಗ ಕೋಶ ಅಲುಗಲಿಲ್ಲ. ಪಕ್ಕದಲ್ಲಿ ಬೇಳೆಯ ಗಾತ್ರದ, ಕಡುಕಂದು ಬಣ್ಣದ ಐದಾರು ಗುಳಿಗೆಗಳು. ಕೋಶದಲ್ಲಿ ಒಂದು ತೂತು. ಮತ್ತೆ ಎಂಟು ಹತ್ತು ದಿನಕ್ಕೆ ಆ ಗುಳಿಗೆಗಳಿಂದ ಮನೆನೊಣಕ್ಕಿಂತ ಕೊಂಚ ದೊಡ್ಡದಾದ, ಮೈತುಂಬ ಮುಳ್ಳುಗೂದಲಿನ ಬೂದು ನೊಣಗಳು ಹೊರಬಂದವು. ಹುಳ ಎಲೆ ತಿನ್ನುತ್ತಿದ್ದಾಗಲೇ ಈ ಜಾತಿಯ ನೊಣ ಬಂದು ತನ್ನ ಸಂಸಾರವನ್ನು ಅದರ ಮೈಗೆ ಸೇರಿಸಿಬಿಟ್ಟಿರುತ್ತದೆ. ಮರಿಗಳು ಒಳಗೇ ಇದ್ದು ಅದನ್ನು ತಿಂದು ಬೆಳೆಯುತ್ತವೆ. ಹುಳ ಹೊರಗಿನಿಂದ ಆರೋಗ್ಯವಾಗಿಯೇ ಕಾಣುತ್ತಿರುತ್ತದೆ.

ಹತ್ತನೇ ದಿನ ಸಂಜೆ ಫೋನ್ ಬಂದಾಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ನಿನ್ನೆ ರಾತ್ರಿ ಪತಂಗ ಹಾರಿಹೋಯಿತು ಎಂದುಬಿಟ್ಟರೆ? ಯಾರಿಗೆ ಗೊತ್ತಾಗುತ್ತದೆ? ಡೈರಿ ಎದುರಿಗಿತ್ತು. ಅದರಲ್ಲಿ ನಾನಾಗಲೇ ಇದ್ದದ್ದನ್ನು ಇದ್ದಂತೆ ಬರೆದಿದ್ದೆ. ಅದನ್ನೇ ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ನೊಣ ತುಂಬಾ ಕೆಟ್ಟದ್ದು ಅಜ್ಜ” ಎಂದಳು. “ಆ ನೊಣ ಇಲ್ಲದಿದ್ದರೆ ನಿನ್ನ ಅಜ್ಜಿಯ ನಂದಿಬಟ್ಟಲಿನಲ್ಲಿ ಎರಡಲ್ಲ, ಇನ್ನೂರು ಹುಳ ಇರುತ್ತಿದ್ದವು ಮಗಾ. ಔಷಧಿ ಹೊಡೆಯದಿದ್ದರೂ ಗಿಡ ಉಳಿದದ್ದು ಅದರಿಂದಲೂ ಹೌದು” ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ನನಗೂ ಅಷ್ಟಾಗಿ ಆಗಿರಲಿಲ್ಲ. “ಎರಡನೇ ನಂಬರು?” ಎಂದು ಕೇಳಿದಳು. “ಬಾಲ ಆಡಿಸುತ್ತಿದೆ” ಎಂದೆ.

ಎರಡನೇ ನಂಬರಿಗೆ ಕಾಯುತ್ತಾ ನಾನು ಬೆಳಿಗ್ಗೆ ಹೊತ್ತು ಅಂಗಳದಲ್ಲೇ ಸುತ್ತತೊಡಗಿದೆ. ಆರು ಹೆಜ್ಜೆ ಅಗಲದ ಅಂಗಳ. ಇಷ್ಟು ವರ್ಷ ಇದ್ದೂ ಕಾಣದ್ದು ಈಗ ಕಾಣಿಸಿತು. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಎಂದುಕೊಂಡದ್ದು ಮೆಲ್ಲಗೆ ಸರಿಯಿತು! ಅದು ನಿಂಬೆ ಚಿಟ್ಟೆಯ ಮರಿಹುಳ. ಎಳೆಯದಿರುವಾಗ ಕಪ್ಪು-ಬಿಳಿ ಹಿಕ್ಕೆಯ ವೇಷ, ಬಲಿತ ಮೇಲೆ ಎಲೆಹಸಿರು. ಕೆಣಕಿದರೆ ತಲೆಯ ಹಿಂದಿನಿಂದ ಹಾವಿನ ನಾಲಿಗೆಯಂಥ ಕವಲುಕೊಂಬು ಹೊರಹಾಕಿ ಘಾಟು ವಾಸನೆ ಬಿಡುತ್ತದೆ. ಒಣಕಡ್ಡಿಗಳ ಚಿಕ್ಕ ಕಟ್ಟೊಂದು ಗೋಡೆಯ ಮೇಲೆ ತಾನೇ ನಡೆಯುತ್ತಿತ್ತು. ಅದೊಂದು ಪತಂಗದ ಹುಳ, ಕಡ್ಡಿಗಳನ್ನು ನೂಲಿನಿಂದ ಹೊಲಿದು ಚೀಲ ಮಾಡಿಕೊಂಡು ಮನೆಯ ಸಮೇತ ಸಂಚಾರ. ಮೆಟ್ಟಿಲ ಕೆಳಗಿನ ಒಣಮಣ್ಣಿನಲ್ಲಿ ಆಲಿಕೆಯಂಥ ಪುಟ್ಟ ಗುಳಿಗಳು. ಒಂದು ಇರುವೆ ಜಾರಿತು. ತಳದಿಂದ ಯಾರೋ ಮಣ್ಣೆರಚಿದರು. ಇರುವೆ ಮತ್ತೆ ಮೇಲೆ ಬರಲಿಲ್ಲ. ಚಿಕ್ಕಂದಿನಲ್ಲಿ ನಾವು ಆ ಗುಳಿಹುಳವನ್ನು ಅಂಗೈಯಲ್ಲಿಟ್ಟು ಹಿಂದಕ್ಕೆ ಹಿಂದಕ್ಕೆ ನಡೆಯುವುದನ್ನು ನೋಡುತ್ತಿದ್ದೆವು. ಜೀರ್ಜಿಂಬೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು ಜಾಲಿಸೊಪ್ಪು ಹಾಕುತ್ತಿದ್ದೆವು. ಅದು ಉಳಿಯುತ್ತಿರಲಿಲ್ಲ. ಈಗ ಮಕ್ಕಳಿಗೆ ನಾನು ಹೇಳುವುದಿಷ್ಟೆ: ನೋಡಿ, ಚಿತ್ರ ಬರೆಯಿರಿ, ಫೋಟೋ ತೆಗೆಯಿರಿ, ಪೊಟ್ಟಣದಲ್ಲಿ ಇಡಬೇಡಿ.

ಕೇಪಳ ಹೂವಿನ ಮುಂದೆ ಒಂದು ಮಧ್ಯಾಹ್ನ ಗಾಳಿಯಲ್ಲೇ ನಿಂತು ಮಕರಂದ ಹೀರುವ ಹಸಿರು ಜೀವವೊಂದು ಕಂಡಿತು. ಎದುರುಮನೆಯ ಹುಡುಗರು “ಹಮ್ಮಿಂಗ್ ಬರ್ಡ್!” ಎಂದು ಓಡಿಬಂದರು. ಹಮ್ಮಿಂಗ್ ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಇದು ಗಾಜಿನ ರೆಕ್ಕೆಯ ಒಂದು ಗಿಡುಗ ಪತಂಗ, ಹಗಲಿನಲ್ಲೇ ಹಾರುವ ಜಾತಿ. ಕೋಶದಿಂದ ಬಂದಾಗ ಇದರ ರೆಕ್ಕೆಗೂ ಹೆಂಚಿನ ಹೊದಿಕೆ ಇರುತ್ತದೆ. ಮೊದಲ ಹಾರಾಟದಲ್ಲೇ ಅದನ್ನು ಕೊಡವಿಕೊಂಡು ಪಾರದರ್ಶಕವಾಗುತ್ತದೆ. ಇದರ ಹುಳಕ್ಕೆ ಕಾಫಿ ಎಲೆ ಇಷ್ಟ, ನನ್ನ ತೋಟದ ಗೆಳೆಯನಿಗೆ ಹಳೆಯ ಪರಿಚಯ.

ಅವನ ಊರಿನ ಕಡೆಯ ಶಾಖೆಯಲ್ಲಿ ನಾನಿದ್ದಾಗ ಒಂದು ಮಳೆಗಾಲದ ಬೆಳಿಗ್ಗೆ ಬ್ಯಾಂಕಿನ ಷಟರ್ ಮೇಲೆ ಒಂದು ಗೇಣಿಗೂ ಹೆಚ್ಚು ಅಗಲದ ಇಟ್ಟಿಗೆ ಬಣ್ಣದ ಪತಂಗ ಕೂತಿತ್ತು. ರೆಕ್ಕೆಯ ತುದಿಗಳು ಥೇಟ್ ಹಾವಿನ ಹೆಡೆ. ಷಟರ್ ಎತ್ತಿದರೆ ಸುರುಳಿಯಲ್ಲಿ ಸಿಕ್ಕಿ ಸಾಯುತ್ತದೆಂದು ನಮ್ಮ ಅಟೆಂಡರು ಗೋಣಿತಾಟು ಒಡ್ಡಿ ಅದನ್ನು ಎದುರಿನ ಮರಕ್ಕೆ ಸಾಗಿಸಿದರು. ಅಂದು ಬ್ಯಾಂಕು ಐದು ನಿಮಿಷ ತಡವಾಗಿ ತೆರೆಯಿತು. ಗಿರಾಕಿಗಳು ಯಾರೂ ಗೊಣಗಲಿಲ್ಲ, ಅವರೂ ಮರದ ಕೆಳಗೇ ನಿಂತಿದ್ದರು. ಅದು ಅಟ್ಲಾಸ್ ಪತಂಗ ಎಂದು ಆಮೇಲೆ ತಿಳಿಯಿತು. ಅದಕ್ಕೆ ತಿನ್ನುವ ಬಾಯಿಯೇ ಇಲ್ಲ. ಹುಳವಾಗಿದ್ದಾಗ ತಿಂದು ಕೂಡಿಟ್ಟದ್ದರಲ್ಲೇ ಒಂದು ವಾರದ ಬದುಕು. ಆ ವಾರದಲ್ಲಿ ಜೊತೆ ಹುಡುಕಬೇಕು, ಮೊಟ್ಟೆ ಇಡಬೇಕು. ನಮ್ಮ ರಾಮನಗರದ ರೇಷ್ಮೆಗೂಡಿನ ಪತಂಗವೂ ಹಾಗೆಯೇ ಉಪವಾಸಿ.

ಕಣಗಿಲೆ ಪತಂಗ ಉಪವಾಸಿಯಲ್ಲ. ಮುಸ್ಸಂಜೆಯಲ್ಲಿ ಹೂವಿನಿಂದ ಹೂವಿಗೆ ಹಾರುತ್ತದೆ. ಸುಗಂಧರಾಜ, ಪಾರಿಜಾತ, ಮಲ್ಲಿಗೆಗಳು ಸಂಜೆ ಅರಳಿ, ಬೆಳ್ಳಗಿದ್ದು ಘಮಘಮಿಸುವುದು ನಮ್ಮ ಜಡೆಗೋಸ್ಕರವಲ್ಲ; ಕತ್ತಲಲ್ಲಿ ಬರುವ ಇಂಥ ನೆಂಟರಿಗೆ ದಾರಿ ತೋರಿಸಲು. ಪಪ್ಪಾಯಿಯ ಗಂಡುಮರದ ಪರಾಗವನ್ನು ಹೆಣ್ಣುಮರಕ್ಕೆ ಒಯ್ಯುವುದರಲ್ಲಿ ಗಿಡುಗ ಪತಂಗಗಳ ಪಾಲು ದೊಡ್ಡದು. ಈ ವಿಷಯ ಹೇಳಿದ ಮೇಲೆ ನನ್ನಾಕೆಯ ದನಿ ತುಸು ಮೆತ್ತಗಾಯಿತು. ನಮ್ಮ ಹಿತ್ತಲ ಪಪ್ಪಾಯಿಗೆ ಕಾಯಿ ಕಚ್ಚುತ್ತಿಲ್ಲವೆಂಬುದು ಅವಳ ಹಳೆಯ ದೂರು.

ಎರಡನೇ ನಂಬರು ಹದಿನಾರನೇ ದಿನ, ರಾತ್ರಿ ಎಂಟೂ ಮುಕ್ಕಾಲಿಗೆ ಹೊರಬಂತು. ತರಗೆಲೆ ಸರಸರ ಎಂದಿತು. ಟಾರ್ಚು ಬಿಟ್ಟರೆ ಒದ್ದೆಯಾದ, ಮುದುಡಿದ ಒಂದು ಪ್ರಾಣಿ ಅವಸರದಲ್ಲಿ ಕಡ್ಡಿ ಹತ್ತುತ್ತಿದೆ. ರೆಕ್ಕೆಗಳು ಹಿಂಡಿದ ಕರವಸ್ತ್ರದಂತೆ, ಉಗುರಿನಷ್ಟು. ಕಡ್ಡಿ ಇಟ್ಟದ್ದು ಇದಕ್ಕೇ. ಜೋತುಬೀಳಲು ಜಾಗ ಸಿಗದಿದ್ದರೆ ರೆಕ್ಕೆ ಸೊಟ್ಟಗೇ ಒಣಗಿ, ಜೀವನಪೂರ್ತಿ ಹಾರಲಾರದು. ನಾನು ಕೈ ನಡುಗಿಸುತ್ತಲೇ ವಿಡಿಯೋ ಕಾಲ್ ಮಾಡಿದೆ. ಮರುದಿನ ಶಾಲೆಯಿದ್ದರೂ ಮಗಳು ಏನೂ ಅನ್ನಲಿಲ್ಲ. ಮೈಯ ದ್ರವ ತುಂಬುತ್ತಾ ತುಂಬುತ್ತಾ ರೆಕ್ಕೆಗಳು ಇಂಚಿಂಚಾಗಿ ಇಳಿದವು. ಹಸಿರು, ತಿಳಿಹಸಿರು, ನಡುವೆ ಬಿಳಿ, ಎಳೆ ಗುಲಾಬಿ. ಸೈನಿಕರ ಸಮವಸ್ತ್ರದ ಮೇಲೆ ಯಾರೋ ಗುಲಾಬಿ ಪನ್ನೀರು ಚಿಮುಕಿಸಿದ ಹಾಗೆ. ಮೂವರೂ, ಫೋನಿನ ಆ ಕಡೆಯ ಇಬ್ಬರೂ, ಒಂದೂ ಮಾತಾಡಲಿಲ್ಲ. ಹತ್ತೂವರೆಯ ಸುಮಾರಿಗೆ ಅದು ಮೈ ಅದುರಿಸಿ ಬಿಸಿಮಾಡಿಕೊಂಡು ಡಬ್ಬದ ಅಂಚಿನಿಂದ ಎದ್ದು, ವರಾಂಡದ ದೀಪದ ಕಡೆ ತಿರುಗಿಯೂ ನೋಡದೆ ಕತ್ತಲೆಗೆ ಹೋಯಿತು.

“ಮೂವರು” ಎಂದೆನಲ್ಲ, ಮೂರನೆಯವರು ಯಾರೆಂದರೆ ಪಕ್ಕದ ಮನೆಯವರು. ಔಷಧಿ ಹೊಡೆದರೆಂದು ನಾನು ಮನಸ್ಸಿನಲ್ಲೇ ಬೈದವರು. ಅವರ ಮನೆಯಲ್ಲಿ ಸಿಂಪಡಿಸುವ ಯಂತ್ರವೇ ಇರಲಿಲ್ಲ.

ನಿಮ್ಮ ಅಂಗಳದಲ್ಲಿ ಹುಡುಕುವವರಿಗೆ ಒಂದೆರಡು ಮಾತು. ಡೈರಿಯಲ್ಲಿ ತಾರೀಖು, ಹೊತ್ತು, ಗಿಡದ ಹೆಸರು, ಮಳೆ ಇತ್ತೋ ಬಿಸಿಲಿತ್ತೋ ಇಷ್ಟು ಬರೆಯಿರಿ. ಗಿಡದ ಹೆಸರು ಮರೆಯಬೇಡಿ, ಹುಳದ ಗುರುತಿಗೆ ಅದೇ ಅರ್ಧ ಉತ್ತರ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ವಿಜ್ಞಾನಿಗಳು ಕಟ್ಟಿದ ‘ಮಾತ್ಸ್ ಆಫ್ ಇಂಡಿಯಾ’ ಎಂಬ ಜಾಲತಾಣದಲ್ಲಿ ನಮ್ಮ ದೇಶದ ಪತಂಗಗಳ ಚಿತ್ರಗಳಿವೆ. ಹೋಲಿಸಿ ನೋಡಲು ಮೊಮ್ಮಕ್ಕಳ ನೆರವು ಪಡೆಯಿರಿ. 2012ರಿಂದ ಪ್ರತಿ ಜುಲೈ ಕೊನೆಯಲ್ಲಿ ಪತಂಗ ಸಪ್ತಾಹ ನಡೆಯುತ್ತದೆ. ಅಮೆರಿಕದಲ್ಲಿ ಹುಟ್ಟಿದ್ದು, ಈಗ ನಮ್ಮಲ್ಲೂ ಪಂಚೆ ಕಟ್ಟಿ ಕೂರುವವರಿದ್ದಾರೆ. ನಮ್ಮ ಮಲೆನಾಡಿನ ಅಂಚಿಗೆ ಜುಲೈ ಕೊನೆ ಎಂದರೆ ಪುಷ್ಯ ಮಳೆ. ಪಂಚೆ ನೆನೆಯುತ್ತದೆ, ವರಾಂಡ ಬೇಕು.

ಮೊನ್ನೆ ಬೆಳಿಗ್ಗೆ ನನ್ನಾಕೆ ಹೂ ಕೊಯ್ಯುತ್ತಿದ್ದವಳು ನನ್ನನ್ನು ಕರೆಯದೆ ನೇರ ಬೆಂಗಳೂರಿಗೆ ಫೋನ್ ಮಾಡಿದ್ದು ಕೇಳಿಸಿತು. “ಪುಟ್ಟಿ, ಗೇಟಿನ ಕಡೆಯ ಕೊಂಬೆಯಲ್ಲಿ, ಎಳೆ ಎಲೆಯ ಅಡಿಗೆ, ಸಾಸಿವೆ ಕಾಳಿನಷ್ಟು ಒಂದು ಹಸಿರು ಮೊಟ್ಟೆ ಇದೆ. ನಿನ್ನ ಅಜ್ಜನಿಗೆ ಇನ್ನೂ ಹೇಳಿಲ್ಲ.”